ಟ್ರಯಥ್ಲಾನ್ ತಯಾರಿ, 24ನೇ ವಾರ: 96.4 ಕೆಜಿಯಿಂದ 84.9ಕ್ಕೆ

ಇವತ್ತಿಗೆ ಸರಿಯಾಗಿ 24 ವಾರ ಮುಗಿಯಿತು. ಶುರು ಮಾಡಿದ ದಿನ ನನ್ನ ತೂಕ 96.4 ಕೆಜಿ ಇತ್ತು. ಇವತ್ತು ಬೆಳಿಗ್ಗೆ 84.9. ಇನ್ನು ಎಂಟು ವಾರಕ್ಕೆ ರೇಸ್ ಇದೆ. 1.5 ಕಿಮೀ ಈಜು, 40 ಕಿಮೀ ಸೈಕಲ್, 10 ಕಿಮೀ ಓಟ, ಮೂರೂ ಒಂದರ ಹಿಂದೆ ಒಂದು. ವಾರವಾರ ಗೀಚಿಟ್ಟಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನನ್ನ ಹಾಗೆ ತೂಕ ಇಳಿಸುವುದನ್ನೂ ರೇಸ್ ತಯಾರಿಯನ್ನೂ ಒಟ್ಟಿಗೆ ಹಿಡಿದವರಿಗೆ ಇದರಲ್ಲಿ ಉಪಯೋಗಕ್ಕೆ ಬರುವಂಥದ್ದು ಸಿಗಬಹುದು, ಮುಖ್ಯವಾಗಿ 10ನೇ ವಾರದ ಕತೆಯಲ್ಲಿ.

ಮೊದಲು ದೂರದ ಬಗ್ಗೆ ಒಂದು ಮಾತು. ಟ್ರಯಥ್ಲಾನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಐರನ್‌ಮ್ಯಾನ್: 3.8 ಕಿಮೀ ಈಜು, 180 ಕಿಮೀ ಸೈಕಲ್, ಅದರ ಮೇಲೆ 42.2 ಕಿಮೀ ಓಟ. 1978ರಲ್ಲಿ ಹವಾಯಿಯಲ್ಲಿ ಅದು ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ನಾನು ಹಿಡಿದಿರುವುದು ಒಲಿಂಪಿಕ್ ದೂರ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಥ್ಲಾನ್ ಸೇರಿದ್ದು ಇದೇ ದೂರದಲ್ಲಿ. ಇದರ ಅರ್ಧದ್ದೂ ಇದೆ, ಸ್ಪ್ರಿಂಟ್ ಅಂತಾರೆ: 750 ಮೀಟರ್, 20 ಕಿಮೀ, 5 ಕಿಮೀ. ಹೊಸಬರಿಗೆ ನಾನು ಅದನ್ನೇ ಹೇಳುವುದು. ನಾನೂ ಅದರಿಂದಲೇ ಶುರು ಮಾಡಿದ್ದರೆ ಹಿಮ್ಮಡಿ ಉಳಿಯುತ್ತಿತ್ತೇನೋ.

1ರಿಂದ 4ನೇ ವಾರ

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ. ಎರಡು ದಿನ ಸೈಕಲ್, ಎರಡು ದಿನ ಈಜು. ಒಂದು ದಿನ ಪೂರ್ತಿ ವಿಶ್ರಾಂತಿ ಇರಲಿ ಅಂತ ಒಂದು ಓಟವನ್ನೂ ಒಂದು ಈಜನ್ನೂ ಒಂದೇ ದಿನಕ್ಕೆ ಹಾಕಿಕೊಂಡಿದ್ದೆ. ವೇಗಕ್ಕೆ ನಾನು ಇಟ್ಟುಕೊಂಡ ಅಳತೆ ಮಾತು. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಮಧ್ಯದಲ್ಲಿ ಉಸಿರು ಕಿತ್ತುಕೊಂಡರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ವಾಚ್ ತೋರಿಸುವ ಅಂಕಿಗಿಂತ ಈ ಅಳತೆಯನ್ನು ನಾನು ಇವತ್ತಿಗೂ ಜಾಸ್ತಿ ನಂಬುತ್ತೇನೆ.

ನಾಲ್ಕು ವಾರಕ್ಕೆ ತೂಕ 92.1 ಆಯಿತು. 4.3 ಕೆಜಿ! ಆ ಖುಷಿ ಹೇಳತೀರದು. ಆದರೆ ಅದರಲ್ಲಿ ನೀರಿನ ಪಾಲು ಎಷ್ಟಿತ್ತು ಅನ್ನುವುದು ಆಗ ಅರ್ಥವಾಗಿರಲಿಲ್ಲ. ನಮ್ಮ ಸ್ನಾಯುಗಳಲ್ಲಿ ಸಕ್ಕರೆ ಗ್ಲೈಕೋಜನ್ ಆಗಿ ಕೂತಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿ ವ್ಯಾಯಾಮ ಶುರು ಮಾಡಿದರೆ ಮೊದಲು ಖಾಲಿಯಾಗುವುದು ಇದು, ಜೊತೆಗೆ ಆ ನೀರೂ ಹೋಗುತ್ತದೆ. ಹಾಗಾಗಿ ಮೊದಲ ತಿಂಗಳ ಇಳಿಕೆಯನ್ನು ನೋಡಿ ಮುಂದಿನ ತಿಂಗಳ ಲೆಕ್ಕ ಹಾಕಬಾರದು. ನಾನು ಹಾಕಿದೆ.

5ರಿಂದ 11ನೇ ವಾರ

ಐದನೇ ವಾರ ತೂಕ ಬರೀ 300 ಗ್ರಾಂ ಇಳಿಯಿತು. ನನಗೆ ಸಮಾಧಾನ ಆಗಲಿಲ್ಲ. ರಾತ್ರಿ ಊಟ ಅರ್ಧಕ್ಕೆ ಇಳಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಓಡಿದೆ, ಬಂದ ಮೇಲೂ ಎರಡು ಗಂಟೆ ಏನೂ ತಿನ್ನಲಿಲ್ಲ. ಇನ್ನೊಂದು ಕಡೆ ಓಟದ ದೂರ ಏರಿಸುತ್ತಾ ಹೋದೆ, ಏಕೆಂದರೆ ಉಸಿರು ಚೆನ್ನಾಗಿ ಸಾಥ್ ಕೊಡುತ್ತಿತ್ತು. ಎಂಟನೇ ವಾರ ನಿಲ್ಲದೆ 6 ಕಿಮೀ ಓಡಿದೆ.

ಒಂಬತ್ತನೇ ವಾರದ ನೋಟ್ಸ್ ಈಗ ಓದಿದರೆ ಎಲ್ಲ ಅಲ್ಲೇ ಕಾಣುತ್ತದೆ. 'ನಿದ್ದೆ ಮೂರು ಗಂಟೆಗೆ ಹಾರಿತು.' 'ಅದೇ ದಾರಿ, ಅದೇ ವೇಗ, ಆದರೆ ಕಾಲು ಭಾರ.' 'ಮನೆಯಲ್ಲಿ ಸುಮ್ನೆ ರೇಗಿದೆ.' ಬೆಳಿಗ್ಗೆ ಏಳುವ ಮೊದಲು ನೋಡುವ ನಾಡಿಬಡಿತ ಐದನೇ ವಾರ 64ಕ್ಕೆ ಇಳಿದಿತ್ತು, ಹತ್ತನೇ ವಾರ 72ಕ್ಕೆ ಏರಿತು. ಆ ಅಂಕಿಯನ್ನು ನಾನೇ ಬರೆದಿಟ್ಟೆ, ಆದರೆ ಅದು ಏನು ಹೇಳುತ್ತಿದೆ ಅಂತ ಯೋಚಿಸಲಿಲ್ಲ.

ಹತ್ತನೇ ವಾರದ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿ ಮೇಲಿನ ನರ ಹಿಡಿದುಕೊಂಡ ಹಾಗೆ ಆಯಿತು. ನರ ಅಂತ ನಾವು ಅಂದುಕೊಳ್ಳುವುದು, ನಿಜವಾಗಿ ಅದು ಅಕಿಲಿಸ್ ಸ್ನಾಯುರಜ್ಜು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕಿರುವ ಗಟ್ಟಿ ಹಗ್ಗ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲವಾಗುತ್ತಿತ್ತು, ಓಡಿದರೆ ಮಾರನೇ ದಿನ ಇನ್ನೂ ಜಾಸ್ತಿ ನೋವು.

ಫಿಸಿಯೋ ಎರಡೇ ಪ್ರಶ್ನೆ ಕೇಳಿದರು. "ಎಂಟು ವಾರದಲ್ಲಿ ಓಟ ಎಷ್ಟರಿಂದ ಎಷ್ಟಕ್ಕೆ ಏರಿಸಿದಿರಿ?" ಆಮೇಲೆ, "ದಿನಕ್ಕೆ ಎಷ್ಟು ತಿನ್ನುತ್ತಿದ್ದೀರಿ?" ಮೊದಲನೆಯದು ನಿರೀಕ್ಷಿಸಿದ್ದೆ. ಎರಡನೆಯದು ಕೇಳುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಹೃದಯ, ಶ್ವಾಸಕೋಶ, ರಕ್ತ ಇವೆಲ್ಲ ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ಬರುತ್ತದೆ. ತೂಕ 90 ಕೆಜಿ ಇದ್ದವರಿಗೆ ಅದು ಸಣ್ಣ ಲೆಕ್ಕ ಅಲ್ಲ. ಉಸಿರು 'ಇನ್ನೂ ಓಡು' ಅನ್ನುತ್ತದೆ, ಹಿಮ್ಮಡಿ ಇನ್ನೂ ತಯಾರಾಗಿರುವುದಿಲ್ಲ. ಅದರ ಮೇಲೆ ಊಟವೂ ಕಡಿಮೆ ಆದರೆ ರಿಪೇರಿಗೆ ಸಾಮಾನು ಎಲ್ಲಿಂದ ಬರಬೇಕು? ದೇಹ ಉಸಿರಾಟ, ನಾಡಿಬಡಿತದಂಥ ಬಿಡಲಾಗದ ಕೆಲಸ ನೋಡಿಕೊಂಡು ಮಿಕ್ಕಿದ್ದನ್ನು ಮುಂದೂಡುತ್ತದೆ. ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ (ಕ್ರೀಡೆಯಲ್ಲಿ ಖರ್ಚಿಗೆ ಹೋಲಿಸಿದರೆ ಶಕ್ತಿಯ ಕೊರತೆ) ಅಂತ ಹೆಸರು ಕೊಟ್ಟಿದೆ. ಅಲ್ಲಿಯವರೆಗೆ ಇದನ್ನು ಹೆಚ್ಚಾಗಿ ಹೆಣ್ಣುಮಕ್ಕಳ ಸಮಸ್ಯೆ ಅಂತಲೇ ನೋಡುತ್ತಿದ್ದರು, ಗಂಡಸರಿಗೂ ಬರುತ್ತದೆ ಅಂತ ಆ ಹೆಸರಿನ ಜೊತೆಗೇ ಹೇಳಿದರು. ನನಗೆ ಅಷ್ಟು ದೂರ ಹೋಗಿರಲಿಲ್ಲ. ದಾರಿ ಮಾತ್ರ ಅದೇ ಇತ್ತು.

ಓಟ ಬಂದ್. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ, 15ರಂತೆ ಮೂರು ಸುತ್ತು, ದಿನಕ್ಕೆ ಎರಡು ಸಲ. ಇದನ್ನು ಹನ್ನೆರಡು ವಾರ ತಪ್ಪಿಸದೆ ಮಾಡಿದೆ.

12ನೇ ವಾರ: ಊಟದ ಲೆಕ್ಕ ಬದಲು

ಆ ವಾರ ತೂಕ 89.0. ಕಾಗದ ತೆಗೆದುಕೊಂಡು ಕೂತೆ. ಒಂದು ಕೆಜಿ ಮೈಕೊಬ್ಬು ಅಂದರೆ ಅಂದಾಜು 7,700 ಕ್ಯಾಲೊರಿ. ವಾರದಲ್ಲಿ ಐದು ದಿನ, ಖರ್ಚಾಗುವುದಕ್ಕಿಂತ ಸುಮಾರು 500 ಕಡಿಮೆ ತಿಂದರೆ ವಾರಕ್ಕೆ 2,500, ಅಂದರೆ ಕೆಜಿಯ ಮೂರನೇ ಒಂದು ಭಾಗ. ಅಷ್ಟು ಸಾಕು ಅಂತ ತೀರ್ಮಾನ ಮಾಡಿದೆ. ಉಳಿದ ಎರಡು ದಿನ, ಅಂದರೆ ದೂರದ ಸೈಕಲ್ ದಿನ ಮತ್ತು ಕಷ್ಟದ ತಾಲೀಮಿನ ದಿನ, ಒಂದು ಕ್ಯಾಲೊರಿಯೂ ಕಡಿತ ಇಲ್ಲ. ಹಸಿವಾದಷ್ಟು ಊಟ, ತಾಲೀಮಿಗೆ ಮುಂಚೆಯೂ ಊಟ, ಮುಗಿದ ಅರ್ಧ ಗಂಟೆಯೊಳಗೂ ಊಟ. ಪ್ರೋಟೀನ್ ಮೈತೂಕದ ಕೆಜಿಗೆ 1.6 ಗ್ರಾಂ, ನನಗೆ ದಿನಕ್ಕೆ 140 ಗ್ರಾಂ ಹತ್ತಿರ. ಅದನ್ನು ನಾಲ್ಕು ಊಟಕ್ಕೆ ಹಂಚಿಕೊಂಡೆ.

ತೂಕ ದಿನಾ ನೋಡುತ್ತೇನೆ, ಆದರೆ ಬರೆಯುವುದು ಏಳು ದಿನದ ಸರಾಸರಿ ಮಾತ್ರ. ಉಪ್ಪು ಸ್ವಲ್ಪ ಜಾಸ್ತಿ ಆದರೆ, ಹಿಂದಿನ ದಿನ ಜೋರು ತಾಲೀಮು ಆಗಿದ್ದರೆ, ಒಂದು ಕೆಜಿ ಮೇಲೆ ಕೆಳಗೆ ಆಗುವುದು ಸಾಮಾನ್ಯ. ಅದು ಕೊಬ್ಬಲ್ಲ, ನೀರು.

ಹನ್ನೆರಡು ವಾರಕ್ಕೆ 4.1 ಕೆಜಿ ಇಳಿಯಿತು. ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗಿ ಕೂತಿತು. ಮೊದಲಿನ ವೇಗದ ಅರ್ಧ ಅಷ್ಟೇ. ಆದರೆ ಎರಡೇ ವಾರದಲ್ಲಿ ನಿದ್ದೆ ವಾಪಸ್ ಬಂತು, ನಾಡಿಬಡಿತ ಇಳಿಯಿತು, ಮನೆಯವರು "ಈಗ ನಿಮ್ಮ ಹತ್ತಿರ ಮಾತಾಡಬಹುದು" ಅಂದರು.

13ರಿಂದ 19ನೇ ವಾರ: ನೀರು

ಓಡುವ ಹಾಗಿರಲಿಲ್ಲ, ಅದಕ್ಕೆ ವಾರಕ್ಕೆ ನಾಲ್ಕು ದಿನ ಪೂಲ್‌ಗೆ ಇಳಿದೆ. ಇಡೀ ತಯಾರಿಯಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಏಳು ವಾರ.

ಶುರುವಿನಲ್ಲಿ 25 ಮೀಟರ್ ಈಜಿದರೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದೆ. 6 ಕಿಮೀ ಓಡುವವನಿಗೆ 25 ಮೀಟರ್‌ಗೆ ಯಾಕೆ ಸುಸ್ತು? ನಾನು ನೀರೊಳಗೆ ಉಸಿರು ಹಿಡಿದಿಡುತ್ತಿದ್ದೆ. ತಲೆ ಹೊರಳಿಸಿದಾಗ ಅಷ್ಟು ಸಣ್ಣ ಹೊತ್ತಿನಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕಿತ್ತು, ಆಗುತ್ತಿರಲಿಲ್ಲ. ಮುಖ ನೀರಲ್ಲಿರುವಷ್ಟು ಹೊತ್ತೂ ಮೂಗು ಬಾಯಿಂದ ಗುಳ್ಳೆ ಬಿಡುತ್ತಾ ಇರಬೇಕು. ತಲೆ ಹೊರಳಿಸುವುದು ಎಳೆದುಕೊಳ್ಳಲಿಕ್ಕೆ ಮಾತ್ರ. ಒಂದು ವಾರ ಪೂರ್ತಿ ನಿಂತ ಕಡೆಯೇ ಇದನ್ನು ಅಭ್ಯಾಸ ಮಾಡಿದೆ.

ಎರಡನೆಯದು ಕಾಲು ಮುಳುಗುವುದು. ಕೋಚ್ ಬದಿಯಲ್ಲಿ ನಡೆಯುತ್ತಾ ಪ್ರತಿ ಸುತ್ತಿಗೂ ಅದೇ ಮಾತು ಹೇಳುತ್ತಿದ್ದರು: "ಸರ್, ಮುಂದೆ ನೋಡಬೇಡಿ, ತಳದ ಗೆರೆ ನೋಡಿ." ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ತಕ್ಕಡಿ ಹಾಗೆ. ಸೊಂಟ ಇಳಿದರೆ ಮೈಯೆಲ್ಲ ಅಡ್ಡ ನಿಂತು ನೀರನ್ನು ತಳ್ಳುತ್ತಾ ಹೋಗಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರ ಜೊತೆ ಬಲ ಹಾಕಿ ಗುದ್ದಾಡಿದರೆ ಸೋಲುವುದು ನಾವೇ. ಮೈಯನ್ನು ಅದಕ್ಕೆ ಅಡ್ಡ ಬರದ ಹಾಗೆ ಇಟ್ಟುಕೊಳ್ಳುವುದೇ ಈಜು ಅಂತ ನನಗೆ ಈಗ ಅನ್ನಿಸುತ್ತದೆ. 25 ಮೀಟರ್‌ಗೆ 31 ಸಲ ಕೈ ಬೀಸುತ್ತಿದ್ದೆ. 18ನೇ ವಾರಕ್ಕೆ ಅದು 22 ಆಯಿತು.

19ನೇ ವಾರ, ಶನಿವಾರ: 60 ಉದ್ದ, 1500 ಮೀಟರ್, ನಿಲ್ಲದೆ. 41 ನಿಮಿಷ. ಗೋಡೆ ಮುಟ್ಟಿ ಗಾಗಲ್ಸ್ ತೆಗೆದಾಗ ಕಣ್ಣು ತುಂಬಿತ್ತು.

ಅದರ ಮಾರನೇ ವಾರ ಕೆರೆ. ಒಬ್ಬನೇ ಹೋಗಲಿಲ್ಲ, ಜೊತೆಗೆ ಗುಂಪು ಇತ್ತು, ದೋಣಿ ಇತ್ತು, ಸೊಂಟಕ್ಕೆ ಕಟ್ಟಿಕೊಳ್ಳುವ ಕಣ್ಣಿಗೆ ಹೊಡೆಯುವ ಬಣ್ಣದ ತೇಲುಬುರುಡೆ ಇತ್ತು. ಆದರೂ ತಳದ ಗೆರೆ ಕಾಣದಿದ್ದಾಗ ಎದೆ ಡವಡವ ಅಂತು, ಉಸಿರು ಬಿಗಿಯಾಯಿತು. ಅಂಗಾತ ತಿರುಗಿ ತೇಲಿದೆ, ಇಪ್ಪತ್ತು ಉಸಿರು ಎಣಿಸಿದೆ, ಮತ್ತೆ ಹೊರಟೆ. ಗೆರೆ ಇಲ್ಲದ ಕಡೆ ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆ ಹಾಗೆ ಕಣ್ಣು ಮಾತ್ರ ಎತ್ತಿ ಗುರಿ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೀದಾ ಹೋಗುತ್ತಿದ್ದೇನೆ ಅಂದುಕೊಂಡೇ ಪಕ್ಕಕ್ಕೆ ಸರಿದಿರುತ್ತೇವೆ.

ಸೈಕಲ್

ಹೇಳುವಂಥದ್ದು ಕಡಿಮೆ, ಏಕೆಂದರೆ ತೊಂದರೆ ಕೊಡಲಿಲ್ಲ. ಸೀಟು ತುಂಬ ಕೆಳಗಿತ್ತು. ಪೆಡಲ್ ತೀರ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಾತ್ರ ಬಾಗುವ ಹಾಗೆ ಎತ್ತರ ಮಾಡಿದೆ, ಮಂಡಿ ನೋವು ಹೋಯಿತು. ಭಾರದ ಗೇರ್ ಬಿಟ್ಟು ಹಗುರ ಗೇರ್‌ನಲ್ಲಿ ನಿಮಿಷಕ್ಕೆ 85 ಸುತ್ತು ತುಳಿಯಲು ಕಲಿತೆ. 40 ಕಿಮೀಗೆ ಈಗ 1 ಗಂಟೆ 38 ನಿಮಿಷ.

20ರಿಂದ 24ನೇ ವಾರ: ಬ್ರಿಕ್

ಸೈಕಲ್‌ನಿಂದ ಇಳಿದ ಕೂಡಲೇ ಓಡುವುದಕ್ಕೆ ಬ್ರಿಕ್ ಅಂತಾರೆ. 16ನೇ ವಾರದಿಂದ ಓಟ ನಿಧಾನಕ್ಕೆ ವಾಪಸ್ ಬಂದಿತ್ತು, ಮತ್ತೆ ಅದೇ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ. ಮೊದಲ ಬ್ರಿಕ್: 30 ಕಿಮೀ ಸೈಕಲ್, 2 ಕಿಮೀ ಓಟ. ಕಾಲು ನನ್ನದೇ ಅಲ್ಲ ಅನ್ನಿಸಿತು. ತೆವಳುತ್ತಿದ್ದೇನೆ ಅಂದುಕೊಂಡು ವಾಚ್ ನೋಡಿದರೆ ಮಾಮೂಲಿಗಿಂತ ಕಿಮೀಗೆ ಅರ್ಧ ನಿಮಿಷ ಜೋರಾಗಿ ಓಡುತ್ತಿದ್ದೆ! ಇಷ್ಟು ಹೊತ್ತು ಗಂಟೆಗೆ 25 ಕಿಮೀ ವೇಗದಲ್ಲಿ ಹೋದ ಕಣ್ಣಿಗೆ ಯಾವ ಓಟವೂ ನಿಧಾನವೇ, ಅಲ್ವಾ? ಈಗ ಮೊದಲ ಕಿಮೀ ಬೇಕಂತಲೇ ತಡೆದು ಓಡುತ್ತೇನೆ. ಐದಾರು ನಿಮಿಷಕ್ಕೆ ಕಾಲು ತಾನೇ ದಾರಿಗೆ ಬರುತ್ತದೆ.

ನಡುವಿನ ಬದಲಾವಣೆಯನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ವಾಪಸ್ ಬಂದಾಗ ಸೈಕಲ್ ನಿಲ್ಲಿಸಿದ ಮೇಲೆಯೇ ಪಟ್ಟಿ ಬಿಚ್ಚಬೇಕು. ಇದು ನಿಯಮ, ಸುಸ್ತಾದಾಗ ಮರೆಯುವುದೂ ಇದೇ.

ಬೆವರಿನ ಲೆಕ್ಕ ಮಾಡಿದ್ದು 22ನೇ ವಾರ. ಒಂದು ಗಂಟೆ ಸೈಕಲ್ ಮುಂಚೆ 85.8 ಕೆಜಿ, ಆದ ಮೇಲೆ 84.9. ಮಧ್ಯೆ ಅರ್ಧ ಲೀಟರ್ ಕುಡಿದಿದ್ದೆ. ಅಂದರೆ ಗಂಟೆಗೆ 1.4 ಲೀಟರ್ ಬೆವರು. ಅಷ್ಟನ್ನೂ ತುಂಬಿಸಬೇಕಿಲ್ಲ, ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯ ಆಗುತ್ತದೆ. ಉಪ್ಪು ಬೆರೆಸಿದ ನೀರು, ಬಾಯಾರಿಕೆಗೆ ತಕ್ಕಷ್ಟು. ಜೊತೆಗೆ ಸೈಕಲ್ ಮೇಲೆ ಗಂಟೆಗೆ 45 ಗ್ರಾಂ ಕಾರ್ಬೋಹೈಡ್ರೇಟ್. ಮೊದಲ ಸಲ ಹೊಟ್ಟೆ ತೊಳಸಿತು, ಮೂರನೇ ಸಲಕ್ಕೆ ಒಗ್ಗಿತು. ಹೊಟ್ಟೆಗೂ ತಾಲೀಮು ಬೇಕು.

ಈ ವಾರ: ನಾಡಿಬಡಿತ 57. ಹಿಮ್ಮಡಿ ಬೆಳಿಗ್ಗೆ ಒಂದೆರಡು ಹೆಜ್ಜೆ ಬಿಗಿ, ಆಮೇಲೆ ಏನಿಲ್ಲ. ಬ್ರಿಕ್ 35 ಕಿಮೀ ಸೈಕಲ್, 6 ಕಿಮೀ ಓಟ. ಓಟ ಒಟ್ಟು 15 ಕಿಮೀ, ಮುಂದಿನ ವಾರವೂ ಅಷ್ಟೇ ಇರುತ್ತದೆ, ಏರಿಸುವುದಿಲ್ಲ.

ರೇಸ್‌ಗೆ ಮೂರು ವಾರ ಇರುವಾಗ ಊಟದ ಕಡಿತ ಪೂರ್ತಿ ನಿಲ್ಲಿಸುತ್ತೇನೆ. ಆ ದಿನ ತೂಕದ ಯಂತ್ರ 83 ತೋರಿಸಲಿ, 85 ತೋರಿಸಲಿ. ಕೊನೆಯ ಎರಡು ವಾರ ತಾಲೀಮು ಅರ್ಧಕ್ಕೆ ಇಳಿಯುತ್ತದೆ, ಗ್ಲೈಕೋಜನ್ ಮತ್ತೆ ತುಂಬುತ್ತದೆ, ತೂಕ ಒಂದು ಕೆಜಿ ಏರಬಹುದು. ಹೆದರಬಾರದು ಅಂತ ಈಗಲೇ ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.

ನಾಳೆ ಬೆಳಿಗ್ಗೆ ಕೆರೆಯಲ್ಲಿ 1200 ಮೀಟರ್. ತೇಲುಬುರುಡೆಗೆ ಗಾಳಿ ತುಂಬಿ ಇಟ್ಟಾಗಿದೆ.