ಎಂಟಾದ ಮೇಲೆ ಎಂಬತ್ತು

ನಲ್ಲಿ ಸಂಪರ್ಕದ ಪಟ್ಟಿ ಅಂಟಿಸಿದ ಗೋಡೆಯ ಮುಂದೆ ಈ ವಾರ ಹಿರಿಯರೊಬ್ಬರು ಬೆರಳಿಟ್ಟು ಹುಡುಕುತ್ತಿದ್ದರು. ಅವರದು 9ನೇ ನಂಬರಿನ ಮನೆ. 8ರ ಕೆಳಗೆ ಸಿಕ್ಕಿದ್ದು 80. “ಎಂಟಾದ್ಮೇಲೆ ಎಂಬತ್ತು ಹೆಂಗಪ್ಪ ಬರ್ತದೆ?” ಅಂದರು. ಒಳಗಿದ್ದ ಹುಡುಗ, “ಕಂಪ್ಯೂಟರ್ ಕೊಟ್ಟಂಗೆ ಹಾಕಿದೀವಿ ಯಜಮಾನ್ರೇ, ನಿಮ್ದು ಬಂದಿಲ್ಲ ಅನ್ಸುತ್ತೆ” ಅಂದ. ಬಂದಿತ್ತು. 89 ಮುಗಿದ ಮೇಲೆ, ಮುಂದಿನ ಹಾಳೆಯಲ್ಲಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ‘ಕಂಪ್ಯೂಟರ್ ಕೊಟ್ಟಂಗೆ’ ಅನ್ನುವ ಮಾತು ಇನ್ನೂ ಚುಚ್ಚುತ್ತಿದೆ. ಕಂಪ್ಯೂಟರ್ ತಾನಾಗಿ ಯಾವ ಕ್ರಮವನ್ನೂ ಕೊಡುವುದಿಲ್ಲ. ಡೇಟಾಬೇಸಿನಿಂದ ಪಟ್ಟಿ ತೆಗೆಯುವಾಗ ‘ಆರ್ಡರ್ ಬೈ’ (ಇಂಥ ಕ್ರಮದಲ್ಲಿ ಜೋಡಿಸು) ಎಂದು ಬರೆಯದಿದ್ದರೆ ಸಾಲುಗಳು ಹೇಗೆ ಬರುತ್ತವೆ ಎಂಬುದಕ್ಕೆ ಖಾತ್ರಿಯೇ ಇಲ್ಲ. ಇಲ್ಲಿ ಬರೆದಿದ್ದರು, ಸರಿ. ಮನೆ ನಂಬರಿನ ಕಾಲಂ ಮಾತ್ರ ಟೆಕ್ಸ್ಟ್ ಆಗಿತ್ತು, ಅಂದರೆ ಅಂಕಿಗಳನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರಗಳಾಗಿ ಇಟ್ಟಿದ್ದರು. ಟೆಕ್ಸ್ಟನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾರೆ: ಮೊದಲ ಅಕ್ಷರ 8 ಇರುವುದೆಲ್ಲ ಮುಗಿದ ಮೇಲೇ 9. ಯಜಮಾನರ ಪ್ರಶ್ನೆ ಪಕ್ಕಾ ತಾಂತ್ರಿಕ ಪ್ರಶ್ನೆ. ಅವರು ದೋಷವನ್ನು ಬೆರಳಿಟ್ಟೇ ತೋರಿಸಿದ್ದರು.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ‘ಕಾಸ್ಟ್’ (ಬಗೆ ಬದಲಿಸುವ ಆಜ್ಞೆ) ಹಾಕಿ ಪೂರ್ಣಾಂಕ ಮಾಡಿದರೆ ಅರ್ಧ ಕೆಲಸ ಆಗುತ್ತದೆ. ‘9/1’ ಇದ್ದರೆ ಅದು ಓರೆಗೆರೆಗೆ ಮೊದಲಿನ 9 ಮಾತ್ರ ತೆಗೆದುಕೊಳ್ಳುತ್ತದೆ, ಹಾಗಾಗಿ 9/10 ಮತ್ತು 9/2ರ ಜಗಳ ಉಳಿಯುತ್ತದೆ. ಯಾರಾದರೂ ‘೯’ ಎಂದು ಕನ್ನಡ ಅಂಕಿಯಲ್ಲಿ ಟೈಪಿಸಿದ್ದರೆ ಅದು ಸೊನ್ನೆಯಾಗಿ ಪಟ್ಟಿಯ ತಲೆಗೆ ಹೋಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಈ ವಿಷಯದಲ್ಲಿ ಮೇಲು: ಪಠ್ಯವನ್ನು ಪೂರ್ಣಾಂಕ ಮಾಡುವ ಅದರ ‘ಇಂಟ್’ ಫಂಕ್ಷನ್‌ಗೆ ‘೧೦’ ಕೊಟ್ಟರೂ 10 ಎಂದೇ ಓದುತ್ತದೆ. ಆದ್ದರಿಂದ ಸಾಲುಗಳನ್ನು ಪೈಥಾನ್‌ಗೆ ತಂದು, ಪಠ್ಯದಲ್ಲಿ ಮಾದರಿ ಹುಡುಕುವ ‘ಆರ್‌ಇ’ ಮಾಡ್ಯೂಲಿನ ‘ಫೈಂಡ್‌ಆಲ್’ನಿಂದ ನಂಬರಿನೊಳಗಿನ ಅಂಕಿಗುಂಪುಗಳನ್ನು ಹೆಕ್ಕಿ, ಒಂದೊಂದನ್ನೂ ‘ಇಂಟ್’ ಮಾಡಿ, ಆ ಲಿಸ್ಟನ್ನು ಜೋಡಿಸುವ ಫಂಕ್ಷನ್ ‘ಸಾರ್ಟೆಡ್’ಗೆ ಕೀ (ಹೋಲಿಕೆಯ ಆಧಾರ) ಆಗಿ ಕೊಡಿ. 9, 9/1, 9/2, 9/10 ಸಾಲಾಗಿ ನಿಲ್ಲುತ್ತವೆ. ‘9ಎ’, ‘9ಬಿ’ ಇದ್ದರೆ ಮೂಲ ಪಠ್ಯವನ್ನೇ ಕೀಯ ಕೊನೆಯ ಭಾಗವಾಗಿ ಸೇರಿಸಿ.

ಖಾಲಿ ನಂಬರಿನ ಮನೆಗಳೂ ಇರುತ್ತವೆ. ಎಸ್‌ಕ್ಯೂಲೈಟ್ ನಲ್‌ಗಳನ್ನು, ಅಂದರೆ ಏನೂ ತುಂಬದ ಜಾಗಗಳನ್ನು, ಮೊದಲು ತರುತ್ತದೆ. ಪೈಥಾನ್ 3ರಲ್ಲಿ ಅದು ‘ನನ್’ ಆಗಿ ಬರುತ್ತದೆ. ಅದರ ಜೊತೆ ಸ್ಟ್ರಿಂಗ್ (ಪಠ್ಯ) ಹೋಲಿಸಿದರೆ ‘ಟೈಪ್‌ಎರರ್’ ಬಂದು ಸ್ಕ್ರಿಪ್ಟ್ ನಿಲ್ಲುತ್ತದೆ. ನನ್ ಇದ್ದಲ್ಲಿ ಮೊದಲೇ ಖಾಲಿ ಸ್ಟ್ರಿಂಗ್ ಇಟ್ಟು, ಕೀಯ ಮೊದಲ ಭಾಗವಾಗಿ ‘ಅಂಕಿ ಇದ್ದರೆ 0, ಇಲ್ಲದಿದ್ದರೆ 1’ ಎಂದಿಟ್ಟರೆ ಅಂಥವೆಲ್ಲ ಕೊನೆಗೆ ಬರುತ್ತವೆ.

ಹೆಸರಿನಿಂದ ಜೋಡಿಸುವಾಗ ಬೇರೆ ಪೇಚು. ‘ಗೋಪಾಲ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ತುಂಡಾದದ್ದು ‘ಗೆ’ಯಿಂದ ಶುರುವಾಗುವ ಹೆಸರುಗಳ ಬಾಲಕ್ಕೆ ಅಂಟಿಕೊಳ್ಳುತ್ತದೆ, ಹುಡುಕಿದರೂ ಸಿಗುವುದಿಲ್ಲ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ಗೆ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿದ ರೂಪ) ಕೊಟ್ಟು ಮೊದಲು ಒಂದು ಮಾಡಿಕೊಳ್ಳಬೇಕು.

ಇನ್ನೊಂದು: ‘ಲಿಮಿಟ್’ (ಇಷ್ಟೇ ಸಾಲು ಕೊಡು) ಹಾಕಿ ಹಾಳೆಗೆ 40 ಸಾಲಿನಂತೆ ತಂದು ಆಮೇಲೆ ಪೈಥಾನ್‌ನಲ್ಲಿ ಜೋಡಿಸಬೇಡಿ, ಆ ಹಾಳೆಯೊಳಗಷ್ಟೇ ಕ್ರಮ ಬರುತ್ತದೆ. ಒಂದು ಊರಿನ ಮನೆಗಳು ಮೆಮೊರಿಗೆ ಏನೂ ಭಾರವಲ್ಲ. ಎಲ್ಲವನ್ನೂ ತಂದು, ಜೋಡಿಸಿ, ಆಮೇಲೆ ಹಾಳೆ ಮಾಡಿ.