ಕ್ಯಾಶುವಾಲ್ಟಿಗೆ ಇಳಿದು ಬಂದ ನ್ಯೂರಾಲಜಿಸ್ಟ್

ನ್ಯೂರಾಲಜಿಸ್ಟ್, ಅಂದರೆ ಮೆದುಳು-ನರಗಳ ಡಾಕ್ಟರು, ಓಪಿಡಿಯಲ್ಲಿ ಕೂತು ಮೊಣಕಾಲಿಗೆ ಸುತ್ತಿಗೆ ತಟ್ಟುವ ಡಾಕ್ಟರು ಅಂತಲೇ ತುಂಬ ಜನ ಅಂದುಕೊಂಡಿದ್ದಾರೆ. ನಮಗೆ ಪಾಠ ಹೇಳಿದವರ ಕಾಲದಲ್ಲಿ ಕೆಲಸ ಬಹುಪಾಲು ಹಾಗೇ ಇತ್ತು. ಲಕ್ವ ಹೊಡೆದವರನ್ನು ವಾರ್ಡಿಗೆ ಹಾಕೋರು, ಮರುದಿನ ರೌಂಡ್ಸಿನಲ್ಲಿ ಮೆದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆ ಅಂತ ಚೆಂದವಾಗಿ ವಿವರಿಸೋರು. ಆಮೇಲೆ ಆಸ್ಪಿರಿನ್, ಫಿಸಿಯೋಥೆರಪಿ. ಮಾಡೋಕೆ ಬೇರೆ ಏನಿತ್ತು ಹೇಳಿ?

1995ರಲ್ಲಿ ಅಮೆರಿಕದ ಅಧ್ಯಯನವೊಂದು, ಮೆದುಳಿನ ರಕ್ತನಾಳ ಮುಚ್ಚಿ ಲಕ್ವ ತರುವ ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು, ಲಕ್ವ ಶುರುವಾದ ಮೂರು ಗಂಟೆಯೊಳಗೆ ಕೊಟ್ಟರೆ ಲಾಭವಿದೆ ಅಂತ ತೋರಿಸಿತು. 2008ರಲ್ಲಿ ಅದು ನಾಲ್ಕೂವರೆ ಗಂಟೆಯಾಯ್ತು. 2015ರ ಹೊತ್ತಿಗೆ, ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಸಂದಿಯಿಂದ ನಳಿಕೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯಬಹುದು ಅನ್ನೋದೂ ಖಚಿತವಾಯ್ತು. 2018ರಿಂದ ಕೆಲವು ರೋಗಿಗಳಿಗೆ ಹೀಗೆ ಎಳೆದು ತೆಗೆಯೋಕೆ 24 ಗಂಟೆಯವರೆಗೂ ಅವಕಾಶವಿದೆ. ಈಗ ನಾವು ಮರುದಿನದ ರೌಂಡ್ಸಿಗೆ ಕಾಯುವ ಹಾಗಿಲ್ಲ. ಐಸಿಯುನಿಂದಲೂ ಕರೆ ಬರುತ್ತದೆ, ಆಪರೇಷನ್ ಆದಮೇಲೆ ಎಚ್ಚರವಾಗದವರು, ಕೈಕಾಲು ಅಲುಗದೆ ಒಳಗೊಳಗೇ ಫಿಟ್ಸ್ ನಡೆಯುತ್ತಿರುವವರು. ಅಂಥ ಫಿಟ್ಸನ್ನು ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡದೆ ಹೇಳೋದು ಕಷ್ಟ.

ಆದರೆ ಕ್ಯಾಶುವಾಲ್ಟಿಯಲ್ಲಿ ನನ್ನ ನಿಜವಾದ ಕೆಲಸ ಮನೆಯವರ ಜೊತೆಗೆ. ಸಿಸ್ಟರ್ ಶುಗರ್ ನೋಡುತ್ತಾರೆ (ಶುಗರ್ ಇಳಿದರೂ ಥೇಟ್ ಲಕ್ವದ ಹಾಗೇ ಕಾಣಬಹುದು), ಬಿಪಿ ನೋಡುತ್ತಾರೆ, ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಅನ್ನೋದನ್ನು ಸಿಟಿ ಸ್ಕ್ಯಾನ್ ಹೇಳುತ್ತದೆ. ಲಕ್ವ ಶುರುವಾದ ಟೈಮ್ ಹೇಳೋ ಮಷೀನು ಮಾತ್ರ ಎಲ್ಲ ಕಡೆ ಇಲ್ಲ. ಎಮ್‌ಆರ್‌ಐ, ಮೆದುಳಿನ ರಕ್ತಸಂಚಾರ ತೋರಿಸುವ ಪರ್ಫ್ಯೂಷನ್ ಸ್ಕ್ಯಾನ್ ಸಹಾಯಕ್ಕೆ ಬರುತ್ತವೆ ನಿಜ, ಆದರೆ ಸಣ್ಣ ಊರಿನಲ್ಲಿ ನಡುರಾತ್ರಿ ಎಲ್ಲಿಂದ ತರೋದು?

ಒಮ್ಮೆ ಒಬ್ಬ ಯಜಮಾನರನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ಕರೆತಂದರು. ಬಲಗೈ ಬಿದ್ದಿತ್ತು, ಮಾತಿಲ್ಲ. "ಏಳು ಗಂಟೆಗೆ ಆಯ್ತು ಸಾರ್" ಅಂದ ದೊಡ್ಡ ಮಗ. ಅದು ಅವನು ನೋಡಿದ ಟೈಮು. ನಮ್ಮ ಲೆಕ್ಕ ಶುರುವಾಗೋದು ರೋಗಿ ಕೊನೆಯದಾಗಿ ಸರಿಯಾಗಿದ್ದ ಗಳಿಗೆಯಿಂದ. ಹಾಗಾದರೆ ರಾತ್ರಿ ಮಲಗಿದ ಹೊತ್ತಿನಿಂದ ಎಣಿಸಬೇಕು, ಅಂದರೆ ಇಂಜೆಕ್ಷನ್ ಇಲ್ಲ. "ಬೆಳಿಗ್ಗೆ ಎದ್ದಮೇಲೆ ಯಾರಾದ್ರೂ ಮಾತಾಡ್ಸಿದ್ರಾ?" ಅಂತ ಎಲ್ಲರ ಮುಖ ನೋಡಿದೆ. ಗಂಡಸರ ಹಿಂದೆ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದರು, "ಆರು ಗಂಟೆಗೆ ಮಾವ ಹಾಲಿನ ಪ್ಯಾಕೆಟ್ ತಂದುಕೊಟ್ಟು ಚಿಲ್ಲರೆ ಲೆಕ್ಕ ಹೇಳಿದ್ರು." ಲೆಕ್ಕ ಹೇಳಿದವರಿಗೆ ಆಗ ಮಾತು ಸರಿಯಾಗೇ ಇತ್ತು, ಅಲ್ವಾ? ಮೇಲಿನ ಬಿಪಿ 185ಕ್ಕಿಂತ ಕೆಳಗೆ ತಂದು ಇಂಜೆಕ್ಷನ್ ಶುರು ಮಾಡಿದೆವು.

ಅದಕ್ಕೇ ಈಗ ತಾಲ್ಲೂಕು ಆಸ್ಪತ್ರೆಯಿಂದ ಫೋನ್ ಬಂದಾಗೆಲ್ಲ ನಾನು ಹೇಳೋದು ಇಷ್ಟು. ಅಲ್ಲಿ ಸಿಟಿ ಇಲ್ಲದಿದ್ದರೆ ರೋಗಿಯನ್ನು ಸುಮ್ನೆ ಇಟ್ಟುಕೊಳ್ಳಬೇಡಿ, ಸ್ಕ್ಯಾನ್ ಆಗೋವರೆಗೆ ಆಸ್ಪಿರಿನ್ ಕೊಡಬೇಡಿ, ಕೊನೆಗೆ ಮಾತಾಡಿಸಿದವರನ್ನೇ ಆಂಬುಲೆನ್ಸಿಗೆ ಹತ್ತಿಸಿ. ದುಡ್ಡು ಹೊಂದಿಸೋರು ಹಿಂದಿನ ಗಾಡಿಯಲ್ಲಿ ಬರಲಿ.