ಮುಂದಿನ ಐದು ವರ್ಷಕ್ಕೆ ಯಾರನ್ನು ಕೇಳಬೇಕು?

ಅಮೆರಿಕದ ಐಯೋವಾ ರಾಜ್ಯದಲ್ಲಿ ನಾವಿರುವ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಎಕ್ಸ್‌ಟೆನ್ಶನ್ ಕಚೇರಿಯವರು ಮುಂದಿನ ಐದು ವರ್ಷದ ಯೋಜನೆ ಬರೆಯುತ್ತಿದ್ದಾರೆ. ಜನರ ಮಾತು ಕೇಳಲು ಕರೆದ ಸಭೆಗೆ ನಾನೂ ಹೋಗಿದ್ದೆ. ಕರ್ನಾಟಕದ ನಮ್ಮ ಊರಿನಲ್ಲಿ ಕೃಷಿ ಮಾಡುವವರಿಗೆ, ಕೃಷಿ ಇಲಾಖೆಯಲ್ಲಿ ಇರುವವರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಎಕ್ಸ್‌ಟೆನ್ಶನ್ ಅಂದರೆ ಯೂನಿವರ್ಸಿಟಿಯ ವಿಸ್ತರಣಾ ಸೇವೆ. ಆದರೆ ಬರೀ ಬೇಸಾಯ ಅಲ್ಲ. ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಯ ಜೊತೆಗೆ ಮಕ್ಕಳು ಮಾಡಿ ಕಲಿಯುವ ಫೋರ್-ಎಚ್ ಕ್ಲಬ್, ಮನೆ ಖರ್ಚಿನ ಲೆಕ್ಕ, ತರಕಾರಿ ಕೆಡದ ಹಾಗೆ ಬಾಟಲಿಗೆ ತುಂಬಿಡುವ ತರಬೇತಿ, ಎಲ್ಲವೂ ಅದರಲ್ಲೇ ಬರುತ್ತದೆ. ಏಮ್ಸ್ ಅನ್ನುವ ಊರಿನ ಐಯೋವಾ ಸ್ಟೇಟ್ ಯೂನಿವರ್ಸಿಟಿ ಇದನ್ನು ನಡೆಸುತ್ತದೆ, ಕೌಂಟಿ ಕೌಂಟಿಗೂ ಕಚೇರಿ ಇದೆ. 1862ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟು, ಅದನ್ನು ಮಾರಿದ ದುಡ್ಡಿನಲ್ಲಿ ಕೃಷಿ ಕಾಲೇಜು ಕಟ್ಟಿ ಅಂದಿತು. 1914ರ ಸ್ಮಿತ್-ಲಿವರ್ ಕಾಯ್ದೆ ಆ ಕಾಲೇಜಿನ ತಿಳಿವನ್ನು ರೈತರ ಹತ್ತಿರ ಒಯ್ಯುವ ವ್ಯವಸ್ಥೆ ಮಾಡಿತು. 1964ರಲ್ಲಿ ಶುರುವಾದ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೂ ಇದೇ ಮಾದರಿ.

ದುಡ್ಡು ಕೇಂದ್ರ, ರಾಜ್ಯ, ಕೌಂಟಿ ಮೂರೂ ಕಡೆಯಿಂದ ಬರುತ್ತದೆ. ನನಗೆ ತುಂಬಾ ಹಿಡಿಸಿದ್ದು ಕೌಂಟಿಯ ಪಾಲು. ಇಲ್ಲಿ ಒಂಬತ್ತು ಜನರ ಎಕ್ಸ್‌ಟೆನ್ಶನ್ ಕೌನ್ಸಿಲ್ ಇರುತ್ತದೆ, ಅವರನ್ನು ಸಾರ್ವತ್ರಿಕ ಚುನಾವಣೆಯಲ್ಲೇ ಜನ ಆರಿಸುತ್ತಾರೆ, ಈ ಸೇವೆಗೆ ಆಸ್ತಿ ತೆರಿಗೆಯಿಂದ ಎಷ್ಟು ತೆಗೆಯಬೇಕು ಅಂತ ತೀರ್ಮಾನಿಸುವುದೂ ಅವರೇ. ತನ್ನ ತೆರಿಗೆ ಎಲ್ಲಿ ಹೋಗುತ್ತಿದೆ ಅಂತ ರೈತ ಎದ್ದುನಿಂತು ಕೇಳಬಹುದು, ಕೇಳುತ್ತಾರೆ ಕೂಡ.

ಯೋಜನೆ ಬರೆಯುವುದು ಎಕ್ಸ್‌ಟೆನ್ಶನ್‌ನವರ ಇಷ್ಟಕ್ಕೆ ಬಿಟ್ಟದ್ದಲ್ಲ. ಕೇಂದ್ರದ ದುಡ್ಡು ಬೇಕಾದರೆ ಯೂನಿವರ್ಸಿಟಿ ಐದು ವರ್ಷದ ಕಾರ್ಯಯೋಜನೆ ಕೊಡಬೇಕು, ಅದಕ್ಕೆ ಜನರನ್ನು ಕೇಳಿರಬೇಕು ಅಂತ 1998ರ ಕಾಯ್ದೆ ಹೇಳುತ್ತದೆ. ಎಷ್ಟು ತರಬೇತಿ ನಡೆಯಿತು, ಎಷ್ಟು ಜನ ಬಂದರು ಅನ್ನುವ ಲೆಕ್ಕ ಸಾಲದು. ಬಂದವರು ಏನು ಕಲಿತರು, ಹೊಲದಲ್ಲಿ ಏನು ಬದಲಾಯಿಸಿದರು, ಅದರಿಂದ ಏನಾಯಿತು ಅಂತ ಬರೆಯಬೇಕು. ಇದು ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಆದರೆ ಕೆಲವು ಕೆಲಸಕ್ಕೆ ಐದು ವರ್ಷ ಏನೇನೂ ಸಾಲದು. ಇಲ್ಲಿನ ಹೊಲಗಳ ಕೆಳಗೆ ನೀರು ಬಸಿದು ಹೋಗಲು ಕೊಳವೆ ಹಾಕಿರುತ್ತಾರೆ. ಗೊಬ್ಬರದ ನೈಟ್ರೇಟ್ ಅದರ ಮೂಲಕ ನದಿಗೆ ಸೇರಿ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೋ ಕೊಲ್ಲಿಯವರೆಗೂ ಹೋಗುತ್ತದೆ. ಸಾರಜನಕ, ರಂಜಕ ಎರಡನ್ನೂ ಶೇ. 45ರಷ್ಟು ತಗ್ಗಿಸಬೇಕು ಅಂತ ಐಯೋವಾ 2013ರಲ್ಲೇ ಗುರಿ ಇಟ್ಟಿತು. ಅದಕ್ಕೆ ಒಂದು ದಾರಿ ಹೊದಿಕೆ ಬೆಳೆ. ಕೊಯ್ಲಿನ ಹೊತ್ತಿಗೆ ರೈ ಅನ್ನುವ, ಗೋಧಿಯಂಥ ಧಾನ್ಯ ಬಿತ್ತಿದರೆ ಅದು ಉಳಿದ ನೈಟ್ರೇಟ್ ಹೀರಿಕೊಂಡು ಮಣ್ಣು ಹಿಡಿದಿಡುತ್ತದೆ. ಸಭೆಯಲ್ಲಿ ಒಪ್ಪಿದ ರೈತ ಮೊದಲು ಒಂದು ತುಂಡು ಹೊಲದಲ್ಲಿ ಮಾಡಿ ನೋಡುತ್ತಾನೆ, ಮಳೆ ಕೈಕೊಟ್ಟರೆ ಬಿಡುತ್ತಾನೆ, ಪಕ್ಕದವನು ಚೆನ್ನಾಗಿ ಮಾಡಿದರೆ ಮತ್ತೆ ಶುರು ಮಾಡುತ್ತಾನೆ, ಇದೆಲ್ಲ ಆಗಿ ನದಿ ನೀರಿನಲ್ಲಿ ವ್ಯತ್ಯಾಸ ಕಾಣಲು ಎಷ್ಟೋ ವರ್ಷ ಬೇಕು.

ಇನ್ನೊಂದು ತೊಡಕಿದೆ. ಐಯೋವಾದ ಅರ್ಧಕ್ಕಿಂತ ಜಾಸ್ತಿ ಜಮೀನು 65 ದಾಟಿದವರ ಹೆಸರಿನಲ್ಲಿದೆ, ಬಹಳಷ್ಟನ್ನು ಉಳುವವರು ಗೇಣಿಗೆ ಪಡೆದವರು. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಮಣ್ಣಿಗೆ ಯಾಕೆ ದುಡ್ಡು ಸುರಿಯುತ್ತಾನೆ ಹೇಳಿ? ಹಾಗಾಗಿ ಮಣ್ಣಿನ ಪಾಠ ಉಳುವವನಿಗಷ್ಟೇ ಹೇಳಿದರೆ ಆಗದು, ದೂರದ ಊರಲ್ಲಿ ಕೂತ ಮಾಲೀಕರಿಗೂ, ಗೇಣಿ ಕರಾರು ಬರೆಯುವಾಗಲೇ ಹೇಳಬೇಕು.

ನಾನು ಹೋದ ಸಭೆಯಲ್ಲಿ ಇದ್ದವರು ಹೆಚ್ಚಾಗಿ ಜಮೀನಿನ ಮಾಲೀಕರು. ಸಂಜೆ ಹೊತ್ತಿನ ಸಭೆ, ಮಾಂಸ ಕಾರ್ಖಾನೆಯ ಎರಡನೇ ಪಾಳಿಯವರು ಹೇಗೆ ಬರುತ್ತಾರೆ? ಅವರಲ್ಲಿ ಅನೇಕರ ಮನೆಮಾತು ಸ್ಪ್ಯಾನಿಷ್. ಅವರ ಮಕ್ಕಳು ಫೋರ್-ಎಚ್ ಸೇರಬೇಕು, ಅವರಿಗೂ ಅಡುಗೆ, ಆರೋಗ್ಯದ ತರಬೇತಿ ಬೇಕು. ಬಂದವರನ್ನಷ್ಟೇ ಕೇಳಿ ಬರೆದ ಯೋಜನೆ ಬಂದವರಿಗಷ್ಟೇ ಕೆಲಸ ಮಾಡುತ್ತದೆ.

ಕಷ್ಟದಲ್ಲಿದ್ದವರ ಹತ್ತಿರ ಹೋಗಿದ್ದಕ್ಕೆ ಈ ಸೇವೆಯ ಒಳಗೇ ಒಳ್ಳೆಯ ಉದಾಹರಣೆ ಇದೆ. 1980ರ ದಶಕದಲ್ಲಿ ಸಾಲ, ಬಡ್ಡಿ, ಕುಸಿದ ಜಮೀನಿನ ಬೆಲೆಯಿಂದ ಇಲ್ಲಿ ಎಷ್ಟೋ ರೈತ ಕುಟುಂಬಗಳು ನೆಲ ಕಳೆದುಕೊಂಡವು. ಆಗ, 1985ರಲ್ಲಿ, ಎಕ್ಸ್‌ಟೆನ್ಶನ್ 'ಐಯೋವಾ ಕನ್ಸರ್ನ್' ಅನ್ನುವ ಸಹಾಯವಾಣಿ ಶುರು ಮಾಡಿತು. ಸಾಲದ ಗೊಂದಲ, ಕಾನೂನು, ಮನಸ್ಸಿನ ಒತ್ತಡ, ಏನಿದ್ದರೂ ಫೋನ್ ಮಾಡಬಹುದು. ಬಿಕ್ಕಟ್ಟು ಮುಗಿಯಿತು ಅಂತ ಅದನ್ನು ಮುಚ್ಚಲಿಲ್ಲ, ಈಗಲೂ ನಡೆಯುತ್ತಿದೆ. ಸಾಲದಲ್ಲಿ ಸಿಕ್ಕಿದ ರೈತ ನಮ್ಮಲ್ಲಿ ಯಾರಿಗೆ ಫೋನ್ ಮಾಡುತ್ತಾನೆ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ತಲೆ ಬಿಟ್ಟಿಲ್ಲ.

ಸಭೆಯ ಕೊನೆಗೆ ಸಲಹೆ ಬರೆಯಲು ಒಂದು ಹಾಳೆ ಕೊಟ್ಟರು. ಮೂರು ಮಾತು ಬರೆದೆ: ಮುಂದಿನ ಸಭೆ ಕಾರ್ಖಾನೆ ಹತ್ತಿರ, ಪಾಳಿ ಬದಲಾಗುವ ಹೊತ್ತಿಗೆ ಇಡಿ. ಗೇಣಿದಾರರನ್ನೂ ಮಾಲೀಕರನ್ನೂ ಒಟ್ಟಿಗೆ ಕೂರಿಸಿ. ಜನ ಹೆಸರು ಹಿಡಿದು ಕರೆಯುವ ಸಿಬ್ಬಂದಿ ನಿವೃತ್ತರಾಗುವ ಮೊದಲೇ ಅವರ ಜಾಗಕ್ಕೆ ಬರುವವರನ್ನು ಅವರ ಜೊತೆ ಹೊಲಕ್ಕೆ ಕಳಿಸಿ.